ಐದು ಗೋಪುರಗಳ ನಡುವಿನ ಸಂದು

ಅವರ ಬಲಗೈ ಹೆಬ್ಬೆರಳಿಗೆ ಸದಾ ಗೋಂದು ಮೆತ್ತಿರುತ್ತಿತ್ತು. ಪಾಠ ಮಾಡುತ್ತಲೇ ಅದನ್ನು ಉಗುರಿನಿಂದ ಎಬ್ಬಿಸಿ ತೆಗೆಯುತ್ತಿದ್ದರು. ಜಮಖಂಡಿಯ ಕಾಲೇಜಿನಲ್ಲಿ ನಮಗೆ ಭೌತಶಾಸ್ತ್ರ ಕಲಿಸಿದ ಮೇಡಂ ಅವರು. ಪರಿಚಯದವರ ಮನೆಯಿಂದ ಹಳೆಯ ಲಗ್ನಪತ್ರಿಕೆಗಳನ್ನು ಕೇಳಿ ತಂದು, ಕತ್ತರಿಸಿ, ಹರಳುಗಳ ಮಾದರಿ ಮಾಡುವುದು ಅವರ ಚಟ. ಉಪ್ಪಿನ ಹರಳಿನ ಒಂದು ಮುಖದ ಮೇಲೆ ಯಾರದೋ ಮದುವೆಯ ಗಣಪತಿ ಕೂತಿರುತ್ತಿದ್ದ.

ಲೋಹದ ಪರಮಾಣುಗಳು ಹೇಗೆ ಒತ್ತೊತ್ತಾಗಿ ಕೂಡುತ್ತವೆ ಎಂದು ಹೇಳುವಾಗ ಒಂದು ದಿನ, ನಾಲ್ಕೂ ಮುಖ ಸಮಬಾಹು ತ್ರಿಕೋನವಾಗಿರುವ ಐದು ಗೋಪುರಗಳನ್ನು ಒಂದೇ ಅಂಚಿನ ಸುತ್ತ ಇಟ್ಟರೆ ಸಂದಿಲ್ಲದೆ ಕೂಡುತ್ತವೆ ಎಂದರು. ಬನಹಟ್ಟಿಯ ನಮ್ಮ ಮನೆಯಲ್ಲಿ, ಮಗ್ಗದ ಸದ್ದಿನ ನಡುವೆ, ನಾನು ಮೂರು ಸಲ ಮಾಡಿ ನೋಡಿದೆ. ಮೂರು ಸಲವೂ ಕೊನೆಗೆ ಸಣ್ಣ ಸಂದು ಉಳಿಯಿತು. ನನ್ನ ಕತ್ತರಿಯದೇ ತಪ್ಪೆಂದುಕೊಂಡು ಅಂಜುತ್ತ ಒಯ್ದು ತೋರಿಸಿದೆ. ಮೇಡಂ ತಿರುಗಿಸಿ ನೋಡಿದರು, ಕೋನ ಅಳೆದರು, ಚೀಲದಲ್ಲಿ ಇಟ್ಟುಕೊಂಡರು.

ಮರುದಿನ ತರಗತಿಗೆ ಬಂದವರೇ, "ಮೊನ್ನಿ ನಾ ತಪ್ಪು ಹೇಳೇನಿ. ಸಂದ ಉಳೀತೈತಿ. ನೋಟ್ಸಿನ್ಯಾಗ ಗೆರಿ ಹೊಡದು, ತಪ್ಪು ಹಿಡದಾಕಿ ಅಂತ ಇಕಿ ಹೆಸರು ಬರಕೋರಿ" ಎಂದು ನನ್ನತ್ತ ಕೈ ಮಾಡಿದರು. ಹಿಂದಿನ ಬೆಂಚಿನವರು ನಕ್ಕರು. ಮೇಡಂ ಕೂಡ ನಕ್ಕರು.

ವರ್ಷಗಳ ಮೇಲೆ ನಾನು ದೂರದ ಪ್ರಯೋಗಾಲಯವೊಂದರಲ್ಲಿ ಬಂಗಾರದ ನ್ಯಾನೊ ಕಣಗಳ ಮೇಲೆ ಸಂಶೋಧನೆಗೆ ಕೂತೆ. ಕೂದಲೆಳೆಯನ್ನು ಸಾವಿರಾರು ಪಾಲು ಮಾಡಿದಷ್ಟು ಸಣ್ಣ ಕಣಗಳು. ಎಕ್ಸ್-ರೇ ಹಾಯಿಸಿದರೆ ಪರಮಾಣುಗಳ ನಡುವಿನ ಅಂತರ ಪುಸ್ತಕದ ಲೆಕ್ಕಕ್ಕೆ ಹೊಂದುತ್ತಲೇ ಇರಲಿಲ್ಲ. "ಕಣ ಕೆಟ್ಟಿವೆ, ಚೆಲ್ಲಿಬಿಡು" ಎಂದರು ಜೊತೆಯವರು. ಆರು ತಿಂಗಳ ಕೆಲಸ. ಎಲ್ಲ ಬಿಟ್ಟು ಊರಿಗೆ ಬರುತ್ತೇನೆಂದು ಮೇಡಂಗೆ ಫೋನ್ ಮಾಡಿ ಅತ್ತುಬಿಟ್ಟೆ.

"ಅಳೂದು ಆಮ್ಯಾಲೆ. ಕಣದ ಆಕಾರ ಹೆಂಗೈತಿ ಹೇಳು."

"ಐದು ಮೂಲಿ ಅದಾವ್ರಿ. ಐದು ತುಂಡು ಕೂಡಿದಂಗ ಕಾಣತೈತ್ರಿ."



"ಮತ್ತ ಅವತ್ತು ನಿನ್ನ ಗೋಪುರದಾಗ ಉಳದಿದ್ದ ಆ ಸಂದ ಇದರಾಗ ಎಲ್ಲಿ ಹೋತವಾ? ಪರಮಾಣುಗಳು ಜಗ್ಗಾಡಿ ಮುಚ್ಚಿರಬೇಕು. ನಿನ್ನ ಬಂಗಾರ ಕೆಟ್ಟಿಲ್ಲ, ಒಳಗ ಬಿಗದೈತಿ. ಎಷ್ಟು ಬಿಗದೈತಿ ಅಳದು ನೋಡು, ಹೋಗು."

ಅಳೆದೆ. ಅದೇ ನನ್ನ ಪಿಎಚ್‌.ಡಿ. ಪ್ರಬಂಧವಾಯಿತು. ನಿವೃತ್ತರಾಗಿ ಸಾವಳಗಿಯ ತಮ್ಮನ ಮನೆಯಲ್ಲಿದ್ದ ಮೇಡಂಗೆ ಒಂದು ಪ್ರತಿ ಕಳಿಸಿದೆ. ಓದಿ ಫೋನ್ ಮಾಡಿದರು: "ನಾಕನೇ ಅಧ್ಯಾಯ ತಿಳೀವಲ್ದು. ಸೂಟಿಗೆ ಬಂದು ಕಲಸ್ತಿಯೇನು?"

"ಬರ್ತೀನ್ರಿ" ಎಂದೆ.

ರಜೆಗೆ ಹದಿನೈದು ದಿನ ಇರುವಾಗ ಅವರು ತೀರಿಹೋದರು. ಸಾವಳಗಿಗೆ ಹೋದಾಗ ಅವರ ತಮ್ಮ ಆ ಪ್ರತಿಯನ್ನು ತಂದು ನನ್ನ ಕೈಗಿಟ್ಟರು. ನಾಲ್ಕನೇ ಅಧ್ಯಾಯದ ಅಂಚಿನಲ್ಲಿ ಪೆನ್ಸಿಲಿನಿಂದ ಹನ್ನೊಂದು ಪ್ರಶ್ನೆ ಬರೆದಿದ್ದರು. ಏಳಕ್ಕೆ ನನ್ನಲ್ಲಿ ಉತ್ತರವಿತ್ತು. ಉಳಿದ ನಾಲ್ಕರ ಮೇಲೆ ಇಂದಿಗೂ ಕೆಲಸ ಮಾಡುತ್ತಿದ್ದೇನೆ.