ಎಂಟನೆಯ ಚುಕ್ಕಿ

ಭಾಗಮ್ಮ, ಆ ಎಂಟನೆಯ ಚುಕ್ಕಿ ನಾನು ಹಾಕಿದ್ದಲ್ಲ. ಅದು ನಿಜವಾಗಿಯೂ ಅಲ್ಲಿತ್ತು. ಮೊದಲು ಕಂಡವಳು ನೀನು. ನಾನು ಸುಳ್ಳು ಹೇಳಿದೆ — ಗೊತ್ತಿದ್ದೂ, ನಿನ್ನ ಮುಖ ನೋಡಿಕೊಂಡೇ ಹೇಳಿದೆ.

ಆಗ ನಾನು ಶಹಾಪುರದ ಕಾಲೇಜಿನಲ್ಲಿ ಭೌತಶಾಸ್ತ್ರದ ಕಾಯಂ ಉಪನ್ಯಾಸಕ. ನೀನು ರಂಗಂಪೇಟೆಯಿಂದ ದಿನಾ ಬಸ್ಸಿಗೆ ಬರುತ್ತಿದ್ದ ಅತಿಥಿ ಉಪನ್ಯಾಸಕಿ. ನನ್ನ ಪಿಎಚ್‌ಡಿ ಐದು ವರ್ಷದಿಂದ ಕುಂಟುತ್ತಿತ್ತು. ಎಳೆಯ ನಕ್ಷತ್ರಗಳ ಸುತ್ತ ತಟ್ಟೆಯ ಹಾಗೆ ಧೂಳು ಹರಡಿಕೊಂಡಿರುತ್ತದೆ; ಆ ಧೂಳಿನೊಳಗೆ ಹುಟ್ಟುತ್ತಿರುವ ಗ್ರಹವೋ, ಪುಟ್ಟ ಜೊತೆಗಾರ ನಕ್ಷತ್ರವೋ ಅಡಗಿದ್ದರೆ ಹುಡುಕುವುದು ನನ್ನ ಕೆಲಸ. ದೊಡ್ಡ ದೂರದರ್ಶಕಗಳವರು ಎಲ್ಲರಿಗೂ ತೆರೆದಿಟ್ಟ ಚಿತ್ರಗಳಿದ್ದವು. ನಕ್ಷತ್ರದ ಬೆಳಕನ್ನು ಕಳೆದು, ಉಳಿದ ಮಸುಕಿನಲ್ಲಿ ಕಣ್ಣು ನೆಟ್ಟು ಕೂರಬೇಕು. ಐದು ವರ್ಷ ಕೂತೆ. ಬರೀ ಧೂಳು.

ನಿನ್ನನ್ನು ಜೊತೆಗೆ ಕರೆದವನೂ ನಾನೇ. ಪ್ರಬಂಧಕ್ಕೆ ಇಬ್ಬರ ಹೆಸರೂ ಹಾಕೋಣ ಅಂದಿದ್ದೆ. ಹೆಸರು ಬಂದರೆ ನಿನಗೆ ಸಂಶೋಧನೆಗೆ ಸೀಟು ಸಿಗುತ್ತಿತ್ತು — ನೀನು ಬೇಡುತ್ತಿದ್ದದ್ದು ಅದೊಂದನ್ನೇ.

ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಹುಡುಕುವವರ ಕಣ್ಣನ್ನು ಪರೀಕ್ಷಿಸಲು ಇನ್ನೊಬ್ಬರು ಚಿತ್ರಗಳಲ್ಲಿ ಸುಳ್ಳು ಚುಕ್ಕಿಗಳನ್ನು ಸೇರಿಸಿಡುತ್ತಾರೆ. ಎಲ್ಲೆಲ್ಲಿ ಎಂಬುದು ಸೇರಿಸಿದವರ ನೋಟ್‌ಬುಕ್ಕಿಗಷ್ಟೇ ಗೊತ್ತು. ನಾನು ಏಳು ಹಾಕಿದ್ದೆ. ನೀನು ಎಂಟು ಗುರುತು ಮಾಡಿದ ಹಾಳೆ ತಂದೆ.

"ಸರ, ಈ ಎಂಟನೇದು ನಿಮ್ದಲ್ಲ ಅನಸ್ತದ್ರಿ. ನಿಮ್ಮವು ಭಾಳ ದುಂಡಗ, ಹಸನ ಅದಾವ. ಇದು ಧೂಳಿನ್ಯಾಗ ಅರ್ಧ ಹೂತಂಗ ಅದ. ನಮ್ಮಪ್ಪನ ಜೋಡಿ ಹೊಳಿಯಾಗ ಮೀನಿಗಿ ನೀರು ನೋಡ್ಕೋತ ಬೆಳದಾಕಿ ನಾ. ಇದು ಖರೇ ಇರಬೇಕ್ರಿ."

ನೋಟ್‌ಬುಕ್ ತೆರೆದೆ. ಏಳೇ ಇದ್ದವು. ಮತ್ತೆ ನೋಡಿದೆ — ಏಳೇ. ಆದದ್ದು ಸಂತೋಷವಲ್ಲ, ಹೊಟ್ಟೆಕಿಚ್ಚು. ಐದು ವರ್ಷ ನನಗೆ ಕಾಣದ್ದು ಇವಳಿಗೆ ಮೂರೇ ವಾರದಲ್ಲಿ... ನೋಟ್‌ಬುಕ್ ಮುಚ್ಚಿಬಿಟ್ಟೆ.

"ಅದೂ ನಂದೇ ಐತಿ ಬಿಡವಾ. ನಾನೇ ಹಾಕೀನಿ."

"ಅಯ್ಯ ಶಿವನೇ! ಎಷ್ಟು ಖರೇ ಕಾಣಂಗ ಹಾಕೀರಿ ಸರ! ನನ್ನ ಕಣ್ಣೇ ಸುಳ್ಳು ನೋಡ್ರಿ" ಎಂದು ನಕ್ಕು, ನೀನೇ ಪೆನ್ನಿನಿಂದ ಆ ಗುರುತಿಗೆ ಅಡ್ಡಗೀಟು ಎಳೆದೆ.

ಅಲ್ಲಿಗೇ ನಿಲ್ಲಲಿಲ್ಲ ನಾನು. ಇದರಲ್ಲಿ ಏನೂ ಇಲ್ಲ, ಇನ್ನು ಬರಬೇಡ ಅಂದೆ. ಮರುವರ್ಷದ ಚಿತ್ರಗಳಲ್ಲಿ ಚುಕ್ಕಿ ತನ್ನ ನಕ್ಷತ್ರದ ಜೊತೆಯಲ್ಲೇ ಸರಿದಿತ್ತು, ಜೊತೆಗಾರನೆಂಬುದು ಖಾತ್ರಿಯಾಯಿತು. ಒಬ್ಬನೇ ಬರೆದೆ, ಒಬ್ಬನೇ ಹೆಸರು ಹಾಕಿಕೊಂಡೆ. ನಿನಗೆ ಕೊಟ್ಟ ಚಿತ್ರಗಳ ಮೇಲೆ ಬರೀ ಸಂಖ್ಯೆಗಳಿದ್ದವು; ಅದು ಯಾವ ನಕ್ಷತ್ರವೆಂದು ನಿನಗೆ ತಿಳಿಯಲೇ ಇಲ್ಲ. ಅದೇ ಹೊತ್ತಿಗೆ ಸೀಟಿನ ಸಂದರ್ಶನದಲ್ಲಿ ನೀನೇನು ಕಂಡುಹಿಡಿದೆ ಎಂದು ಕೇಳಿದರಂತೆ. "ನಮ್ಮ ಸರ ಹಾಕಿದ್ದಷ್ಟೇ ಕಂಡೀನ್ರಿ ಅಂದೆ" ಎಂದು ನೀನೇ ನನ್ನೆದುರು ಬಂದು ಹೇಳಿದೆ. ಸೀಟು ಸಿಗಲಿಲ್ಲ. ನಾನು ನಿನಗೆ ಚಹಾ ಕುಡಿಸಿ ಸಮಾಧಾನ ಹೇಳಿದೆ — ಥೂ, ನನ್ನ ಬಾಯಿಗೆ ಮಣ್ಣು ಹಾಕ!

ಹೋದ ವಾರ, ನೀನೀಗ ಟೀಚರಾಗಿರುವ ಕೆಂಭಾವಿಯ ಶಾಲೆಗೆ ನನ್ನನ್ನು ಅತಿಥಿಯಾಗಿ ಕರೆದೆ. ಗುರು ಎಂದು ಶಾಲು ಹೊದಿಸಿದೆ. ಆಮೇಲೆ ನೀನೇ ಮಕ್ಕಳಿಗೆ ನಗುನಗುತ್ತಾ ಎಂಟನೆಯ ಚುಕ್ಕಿಯ ಕಥೆ ಹೇಳಿದೆ. "ಕಣ್ಣಿಗಿ ಕಂಡದ್ದೆಲ್ಲ ನಂಬಬ್ಯಾಡ್ರೀ. ನಾನೂ ಹಂಗೇ ಮೋಸ ಹೋಗಿದ್ದೆ. ಹೌದಲ್ರಿ ಸರ?"

ಎಲ್ಲ ಮಕ್ಕಳೂ ನನ್ನತ್ತ ತಿರುಗಿದರು. ಆಗಲಾದರೂ — ಇಲ್ಲ. "ಹೌದು" ಅಂದೆ, ಭಾಗಮ್ಮ. ಎರಡನೆಯ ಸಲವೂ ಸುಳ್ಳು ಹೇಳಿದೆ.

ಮನೆಗೆ ಬಂದು ಶಾಲು ಮಡಿಚಿಡಲು ಕಪಾಟು ತೆರೆದರೆ ನಿನ್ನ ಆ ಹಾಳೆ ಅಲ್ಲೇ ಇತ್ತು. ಇಷ್ಟು ವರ್ಷ ಯಾಕೆ ಹರಿದು ಹಾಕಲಿಲ್ಲವೋ... ಅದನ್ನೂ ನನ್ನ ನೋಟ್‌ಬುಕ್ಕಿನ ಏಳೇ ಚುಕ್ಕಿ ಬರೆದಿಟ್ಟ ಪುಟವನ್ನೂ ಪ್ರಬಂಧ ಅಚ್ಚು ಹಾಕಿದ ಪತ್ರಿಕೆಗೆ ನಿನ್ನೆ ಕಳಿಸಿದ್ದೇನೆ, ನಡೆದದ್ದೆಲ್ಲ ಬರೆದು. ಅವರು ಏನು ಮಾಡುತ್ತಾರೋ ಮಾಡಲಿ. ಹೋದ ನಿನ್ನ ಸೀಟು ಅದರಿಂದ ಮರಳಿ ಬರುವುದಿಲ್ಲ, ಗೊತ್ತು. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ.

ಸೋಮವಾರ ಕೆಂಭಾವಿಗೆ ಬರುತ್ತೇನೆ. ಒಳಗೆ ಬರಬೇಡ ಅಂದರೆ ತರಗತಿಯ ಬಾಗಿಲಲ್ಲೇ ನಿಂತು ಆ ಮಕ್ಕಳಿಗೆ ಹೇಳುತ್ತೇನೆ — ನಿಮ್ಮ ಟೀಚರ್ ಕಂಡದ್ದು ಖರೇ ಇತ್ತು, ಸುಳ್ಳು ಹೇಳಿದವನು ನಾನು.