ಸೋಮವಾರದ ಗುಳಿಗೆ

ನರ್ಸಬಾಯಿಯವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಬಸಿರಾಗದಂತೆ ನುಂಗುವ ಗುಳಿಗೆಗಳ ಪಾಕೀಟನ್ನು ತೊಡೆಯ ಮೇಲಿಟ್ಟುಕೊಂಡು, ಆ ಉಗುರಿನಿಂದ ಒಂದೊಂದನ್ನೇ ಮುಟ್ಟಿ ತೋರಿಸುತ್ತಿದ್ದರು. ಧುಪದಾಳದ ನಮ್ಮ ಓಣಿಯಲ್ಲಿ ಅವರನ್ನು ಯಾರೂ ಕಟ್ಟೆಗೆ ಕರೆಯುತ್ತಿರಲಿಲ್ಲ. ಸೊಸೆಯಂದಿರು ಮಾತ್ರ ಹಿತ್ತಲ ಬಾಗಿಲಲ್ಲಿ ಅವರಿಗಾಗಿ ಕಾಯುತ್ತಿದ್ದೆವು.

ಆಗ ನನಗೆ ಇಪ್ಪತ್ತು, ಮೊಮ್ಮಕ್ಕಳೇ. ನಿಮ್ಮ ಸೋದರತ್ತೆಯನ್ನು ಹೆತ್ತಾಗ ರಕ್ತ ಹೋಗಿ ಸಾಯುವುದರಲ್ಲಿದ್ದೆ. ಮೂರು ವರ್ಷ ಮತ್ತೆ ಬಸಿರಾಗಬಾರದೆಂದು ಗೋಕಾಕದ ಡಾಕ್ಟರು ಹೇಳಿದ್ದರು. ಕೂಸಿಗೆ ವರ್ಷ ತುಂಬಿದ ಮೇಲೆ ನರ್ಸಬಾಯಿ ಗುಳಿಗೆ ಕೊಟ್ಟರು.

“ದಿನಾ ಒಂದ, ತಂಗಿ. ನಿಮ್ಮತ್ತಿ ಬೈಗಳಾ ಹೆಂಗ ಒಂದ ದಿನಾನೂ ತಪ್ಪೂದಿಲ್ಲ, ಹಂಗ ಇದೂ ತಪ್ಪಬಾರದು.”

ಸೆರಗು ಬಾಯಿಗಿಟ್ಟು ನಕ್ಕೆ. ಕೇಳಬೇಕಾದ್ದನ್ನು ಕೇಳಲಿಲ್ಲ. ಸೋಮವಾರ ನನಗೆ ಉಪವಾಸ. ಹಾಲು, ಹಣ್ಣು ಬಿಟ್ಟರೆ ಏನೂ ಮುಟ್ಟುತ್ತಿರಲಿಲ್ಲ, ಗುಳಿಗೆಯನ್ನೂ.

ಐದಾರು ತಿಂಗಳಿಗೆ ಮುಟ್ಟು ನಿಂತಿತು. ನರ್ಸಬಾಯಿಗೆ ಹೇಳಿದೆ.

“ಒಂದ ದಿನಾನೂ ಬಿಟ್ಟಿಲ್ಲೇನ?”

“ಇಲ್ಲರಿ ಅಕ್ಕಾರ. ಸೋಮವಾರ ಅಷ್ಟರಿ. ಉಪವಾಸ ಇರ್ತೇನಲ್ರಿ.”

ಅವರು ಬೈಯಲಿಲ್ಲ. ಹೊಸ್ತಿಲ ಮೇಲೆ ಕುಳಿತುಬಿಟ್ಟರು. “ತಪ್ಪು ನಂದವಾ. ನಾನ ಕೇಳಬೇಕಿತ್ತು.”

ಏಳನೇ ತಿಂಗಳಿಗೇ ಹೆರಿಗೆಯಾಯಿತು. ನಾನು ಉಳಿದೆ, ಕೂಸು ಉಳಿಯಲಿಲ್ಲ.

“ಆಕಿ ಕೊಟ್ಟ ಗುಳಿಗೀನ ನಮ್ಮ ಕೂಸನ್ನ ತಿಂತು” ಎಂದು ನಮ್ಮತ್ತೆ ಓಣಿಗೆಲ್ಲ ಹೇಳಿದರು. ನಿಜ ಏನೆಂದು ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಹಿತ್ತಲ ಬಾಗಿಲುಗಳೂ ಅವರಿಗೆ ಮುಚ್ಚಿದವು.

ಆದರೂ ನಾನು ಕೆನಾಲ್ ದಂಡೆಯಲ್ಲಿ ಬಟ್ಟೆ ಒಗೆಯುವಾಗ ಅವರು ಬಂದು, ನನ್ನ ಬುಟ್ಟಿಯಲ್ಲಿ ಪಾಕೀಟು ಇಟ್ಟು ಹೋಗುತ್ತಿದ್ದರು. ನಿಮ್ಮಪ್ಪ ಹುಟ್ಟಿದ್ದು ನಾಲ್ಕು ವರ್ಷದ ಮೇಲೆ, ನನ್ನ ಮೈಯಲ್ಲಿ ಕಸುವು ಬಂದ ಮೇಲೆ. ಊರಿನ ಹೊಲಿಗೆ ಕ್ಲಾಸಿಗೆ ಬರುವ ಹುಡುಗಿಯರಿಗೆ ಗುಳಿಗೆಯ ವಿಷಯ ತಿಳಿಸಿ ಹೇಳುವಾಗ ನರ್ಸಬಾಯಿ ಮೊದಲು ಕೇಳುತ್ತಿದ್ದದ್ದು ಇಷ್ಟೇ: “ಯಾರಿಗೆ ಯಾವ ವಾರ ಉಪವಾಸ ಐತಿ, ಹೇಳ್ರಿ.” ಹಾಗೇಕೆ ಕೇಳುತ್ತೇನೆಂದು ಎಂದೂ ಹೇಳಲಿಲ್ಲ. ನನ್ನ ಹೆಸರು ಅವರ ಬಾಯಿಂದ ಬರಲಿಲ್ಲ.

ಹೋದ ತಿಂಗಳು ಅವರು ಹುಕ್ಕೇರಿಯಲ್ಲಿ ತಮ್ಮ ತಂಗಿಯ ಮನೆಯಲ್ಲಿ ತೀರಿಕೊಂಡರು. ಒಬ್ಬಳೇ ಬಸ್ಸು ಹತ್ತಿ ಹೋದೆ. ನಮ್ಮ ಓಣಿಯಿಂದ ಬೇರೆ ಯಾರೂ ಬಂದಿರಲಿಲ್ಲ.

“ನೀವು ಇವರಿಗೆ ಏನಾಗಬೇಕ್ರಿ?” ಎಂದು ಆ ತಂಗಿ ಕೇಳಿದರು.

“ಗುರ್ತಿನಾಕಿರಿ” ಎಂದೆ. ಆಗಲೂ ಬಾಯಿಗೆ ಬಂದದ್ದು ಅಷ್ಟೇ.

ಸೋಮವಾರದ ಮಾತನ್ನು ನಿಮ್ಮಜ್ಜನಿಗೂ ಹೇಳಿರಲಿಲ್ಲ. ಈಗ ಅವರೂ ಇಲ್ಲ. ಕೂಸನ್ನು ಗುಳಿಗೆ ತಿನ್ನಲಿಲ್ಲ, ಮಕ್ಕಳೇ. ನಿಮ್ಮ ಮದುವೆ ಗೊತ್ತಾದಾಗ ಈ ಹಾಳೆ ನಿಮ್ಮ ಕೈಗೆ ಕೊಡುತ್ತೇನೆ. ಓದಿ, ಪಕ್ಕದಲ್ಲಿ ಕೂತು ಏನು ಬೇಕಾದರೂ ಕೇಳಿ. ತಲೆ ತಗ್ಗಿಸಿಯಾದರೂ ಹೇಳುತ್ತೇನೆ.