ಸಿಂಗಲ್‌ಗೆ ಸೇರಿದ ಅಳು

ನಿಮ್ಮ ಮಾಮಾನ ಹಾಡನ್ನು ನೀವು ಯಾರದೋ ಫೋನಿನಲ್ಲಿ ಕೇಳಿದ್ದೀರಿ. ಅದರ ನಡುವೆ ಅಳುವ ಹೆಂಗಸು ನಾನೇ, ನಿಮ್ಮ ಅಜ್ಜಿ. ಎದುರಿಗೆ ಕೂತು ಹೇಳಲು ನನ್ನಿಂದಾಗದು, ಅದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ಮುಂಬೈ ಹತ್ತಿರದ ಕಲ್ಯಾಣದಲ್ಲಿ ಕಟ್ಟಡದ ಕೆಲಸ ಮಾಡುವಾಗ ಮೇಲಿನಿಂದ ಬಿದ್ದು ತೀರಿಕೊಂಡರು. ವಿಜಯಪುರದ ಕಡೆ ನಾವು ಹೆಂಗಸರು ಹೆಣದ ಮುಂದೆ ಹಾಡಿಕೊಂಡು ಅಳುತ್ತೇವೆ. ಸತ್ತವರ ಗುಣ, ಅವರ ಮೇಲಿನ ಸಿಟ್ಟು, ಎಲ್ಲ ಅದರಲ್ಲಿ ಬರುತ್ತದೆ. ಇಲ್ಲಿ ಠಾಕುರ್ಲಿಯಲ್ಲಿ, ಒಂದಕ್ಕೊಂದು ಅಂಟಿದ ಮನೆಗಳ ನಮ್ಮ ಚಾಳಿನಲ್ಲಿ, ಯಾರ ಮನೆಯಲ್ಲಿ ಸಾವಾದರೂ ಮೊದಲ ದನಿ ನನ್ನದಿರುತ್ತಿತ್ತು. ನಾಲ್ಕು ಜನರ ಮುಂದೆ ಮಾತಾಡಲು ನಾಚುವ ನನಗೆ ಅಲ್ಲಿ ಮಾತ್ರ ಬಾಯಿ ಬರುತ್ತಿತ್ತು. ಆದರೆ ಹೆಣವಿಲ್ಲದ ಕಡೆ ಹಾಗೆ ಅಳಬಾರದು. ಅತ್ತರೆ ಸಾವನ್ನು ಕರೆದಂತೆ.

ಇಲ್ಲೇ ಹುಟ್ಟಿದ ನಿಮ್ಮ ಮಾಮಾನಿಗೆ ಇದು ಗೊತ್ತಿರಲಿಲ್ಲ. ಅಜ್ಜನ ಹೆಣದ ಮುಂದಿನ ನನ್ನ ಅಳುವನ್ನು ಫೋನಿನಲ್ಲಿ ಹಿಡಿದಿಟ್ಟುಕೊಂಡಿದ್ದ. ಅವನದೂ ಗೆಳೆಯರದೂ ಒಂದು ಪಂಕ್ ರಾಕ್ ಬ್ಯಾಂಡ್. ಗಿಟಾರು, ಡ್ರಮ್ಮು, ಗಂಟಲು ಹರಿಯುವಂಥ ಕೂಗು. ಅಪ್ಪನನ್ನು ಹಗ್ಗ ಕಟ್ಟದೆ ಮೇಲೆ ಹತ್ತಿಸಿದ ಗುತ್ತಿಗೆದಾರನನ್ನು ಬೈದು ಹಾಡು ಕಟ್ಟಿ, ನಡುವೆ ನನ್ನ ಅಳು ಸೇರಿಸಿ, ಅದೊಂದನ್ನೇ ಸಿಂಗಲ್ ಎಂದು ಬಿಟ್ಟರು. ಬೇಲಾಪುರದಲ್ಲಿ ಇವರು ಹಾಡಿದಾಗ ಹುಡುಗರು ಅದಕ್ಕೆ ಮೈಮೇಲೆ ಮೈ ಬಿದ್ದು ಕುಣಿದರಂತೆ. ಚಾಳಿನ ತುಂಬ ಅದೇ ಹಾಡು.

"ಅವ್ವಾ, ತೂ ತೋ ಫೇಮಸ್ ಹೋ ಗಯೀ!" ಎಂದ ಮಗ.

ಪಕ್ಕದ ಮನೆಯವಳ ಗಂಡ ಲಿವರ್ ಕೆಟ್ಟು ಮಲಗಿದ್ದ. ಅವಳು ಬಂದು ಬಾಗಿಲಲ್ಲೇ ನಿಂತಳು.

"ಯಕ್ಕಾ, ನನ್ನ ಗಂಡ ಇನ್ನಾ ಉಸಿರಾಡಾಕತ್ತಾನ. ಯಾರ ಸಲುವಾಗಿ ಅಳಾಕತ್ತಿ?"

"ನಾ ಅಲ್ಲವಾ, ಫೋನಿನ್ಯಾಗ..."

"ದನಿ ನಿಂದ ಹೌದಿಲ್ಲೊ?"

ಹಾಡು ತೆಗೆದುಹಾಕು ಎಂದು ಮಗನಿಗೆ ಹೇಳಿದೆ. "ಅಪ್ಪನ ಸಲುವಾಗಿ ಮಾಡೀನವ್ವ, ಮಜಾಕ್ ಅಲ್ಲ," ಎಂದು ಅತ್ತ. ಕೊನೆಗೆ ತೆಗೆದ. ಅಷ್ಟರಲ್ಲಿ ಅದು ಯಾರ್ಯಾರದೋ ಕೈ ಸೇರಿತ್ತು.

ಮಳೆಗಾಲಕ್ಕೆ ಮೊದಲೇ ಆ ಗಂಡಸು ಸತ್ತ. ಹೋದೆ. ಹೆಂಗಸರು ಸರಿದು ಜಾಗ ಬಿಟ್ಟರು, ಮುಖ ನೋಡಲಿಲ್ಲ. ಬಾಯಿ ತೆರೆಯುವಷ್ಟರಲ್ಲಿ ಅವಳು ಗಂಡನ ಪಾದ ಹಿಡಿದುಕೊಂಡೇ ಅಂದಳು:

"ಬ್ಯಾಡ ಯಕ್ಕಾ. ನೀ ಮೊದಲ ಅತ್ತು ಮುಗಿಸೀದಿ."

ಹೆಣ ಎತ್ತುವವರೆಗೂ ಅಲ್ಲೇ ಕೂತೆ. ಬೇರೊಬ್ಬಳು ಹಾಡಿದಳು. ನಡುವೆ ಮಾತು ಸಿಗದೆ ತಡವರಿಸಿದಳು. ಮುಂದಿನ ಸಾಲು ನನ್ನ ಬಾಯಲ್ಲಿತ್ತು. ಹೇಳಿಕೊಡಲಿಲ್ಲ.